ಬೆಕ್ಕಿನ ಕಣ್ಣು ಯಾರ ಕಡೆಯಿಂದ ಬಂತು? ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಮೊಮ್ಮಗಳಿಗೆ ಹನ್ನೊಂದು ತಿಂಗಳಾದಾಗ ನಮ್ಮ ಬೀಗರು ಅವಳನ್ನು ಬಾಲ್ಕನಿಗೆ ಎತ್ತಿಕೊಂಡು ಹೋದರು. ಬೆಳಕಿಗೆ ಮುಖ ತಿರುಗಿಸಿ, ಇಡೀ ಸೊಸೈಟಿಗೆ ಕೇಳುವ ಹಾಗೆ ಹೇಳಿದರು, "ಹೇ ಬಘಾ, ಆಮಚೇ ಘಾರೇ ಡೋಳೆ!" ನೋಡಿ, ನಮ್ಮ ಬೆಕ್ಕಿನ ಕಣ್ಣು ಅಂತ. ಅವರದ್ದು ಪುಣೆಯ ಕೊಂಕಣಸ್ಥ ಮನೆತನ. ಅವರ ಕಣ್ಣೂ ಅದೇ ಬೂದುಹಸಿರು. ಹಾಗಾಗಿ ಯಾರೂ ಎದುರಾಡಲಿಲ್ಲ. ನನಗೆ ಮಾತ್ರ ಸ್ವಲ್ಪ ಚುರುಕ್ ಅಂದಿತು. ಮಗುವಿನ ಮೂಗು ನಮ್ಮದು, ಕಿವಿ ನಮ್ಮದು ಅಂತ ನಾವೂ ಹೇಳಿಕೊಂಡು ತಿರುಗುತ್ತಿದ್ದೆವು. ಜನ ನೋಡಿ ನಿಲ್ಲುವ ಕಣ್ಣು ಮಾತ್ರ ಪೂರ್ತಿ ಅವರ ಖಾತೆಗೆ ಹೋಗಬೇಕೇ?

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು 34 ವರ್ಷ. ಕೋಥ್ರೂಡ್‌ನಲ್ಲಿ ನಮ್ಮದೊಂದು ಚಷ್ಮಾ ಅಂಗಡಿ ಇದೆ. ಎರಡು ಪಾಪೆಗಳ ನಡುವಿನ ಅಂತರ ಅಳೆಯಲು ಪಟ್ಟಿ ಹಿಡಿದು ದಿನವಿಡೀ ಜನರ ಕಣ್ಣಲ್ಲಿ ಕಣ್ಣಿಟ್ಟು ಕೂರುವುದೇ ನನ್ನ ಕೆಲಸ. ಇಷ್ಟು ಹತ್ತಿರದಿಂದ ಇಷ್ಟು ಕಣ್ಣು ನೋಡಿದ ಮೇಲೂ ನನ್ನ ಮನೆಯವರ ಕಣ್ಣಿನ ಬಣ್ಣ ಕೇಳಿದರೆ "ಕಪ್ಪು" ಅಂತಿದ್ದೆ. ಅದೇ ಮೊದಲ ತಪ್ಪು. ಆಮೇಲೆ ಎರಡೂ ಮನೆಯವರನ್ನು ಕೂರಿಸಿ ಚಾರ್ಟ್ ಮಾಡಿದೆವು. ನೀವೂ ಮಾಡಬಹುದು. ಒಂದು ಭಾನುವಾರ, ದೊಡ್ಡ ಹಾಳೆ, ಪೆನ್ಸಿಲ್, ಒಂದು ಟಾರ್ಚ್ ಸಾಕು. ಪೆನ್ ಬೇಡ. ಅಳಿಸುವುದು ಜಾಸ್ತಿ ಇರುತ್ತದೆ.

ಮೊದಲು ಬಣ್ಣಕ್ಕೆ ಹೆಸರು ಇಟ್ಟುಕೊಳ್ಳಿ. ಕಪ್ಪು ಕಣ್ಣು ಅಂತ ನಾವು ಹೇಳುವುದೆಲ್ಲ ಗಾಢ ಕಂದು. ನಡುವಿನ ಕಪ್ಪು ಚುಕ್ಕೆ, ಅಂದರೆ ಪಾಪೆ, ಎಲ್ಲರಿಗೂ ಕಪ್ಪೇ. ಅದು ಬೆಳಕು ಒಳಗೆ ಹೋಗುವ ಕಿಂಡಿ. ಬಣ್ಣ ಇರುವುದು ಅದರ ಸುತ್ತಲಿನ ಬಳೆಯಲ್ಲಿ, ಐರಿಸ್‌ನಲ್ಲಿ. ಕಂದು, ತಿಳಿಗಂದು ಅಂತ ಬರೆಯಲು ಹೋದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೆ ನಾನು ಅಡುಗೆಮನೆಯಿಂದ ಐದು ಬಟ್ಟಲು ತಂದಿಟ್ಟೆ. ಹುಣಸೆಬೀಜ, ಹಳೇ ಬೆಲ್ಲ, ಜೇನುತುಪ್ಪ, ಹೆಸರುಕಾಳು, ಒಲೆಬೂದಿ. ಬೂದಿ ಈಗ ಯಾರ ಮನೆಯಲ್ಲಿ ಸಿಗುತ್ತದೆ? ಊದಿನಕಡ್ಡಿಯದೇ ಆಯಿತು. ನೀಲಿಯೂ ಬೂದಿಯ ಬಟ್ಟಲಿಗೇ ಸೇರುತ್ತದೆ. ಕಣ್ಣು ನೋಡುವುದು, ಯಾವ ಬಟ್ಟಲಿಗೆ ಹತ್ತಿರವೋ ಅದನ್ನು ಬರೆಯುವುದು. ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು.

ನೋಡುವ ಬೆಳಕು ಮುಖ್ಯ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಮಬ್ಬಿನಲ್ಲಿ ಪಾಪೆ ಅಗಲವಾಗಿ ಬಣ್ಣದ ಬಳೆ ಸಣ್ಣದಾಗುತ್ತದೆ, ಕಣ್ಣು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿಯ ಪಕ್ಕ ಕೂರಿಸಿ. ನೇರ ಬಿಸಿಲು ಬೇಡ. ದೂರದ ಗೋಡೆ ನೋಡಲು ಹೇಳಿ, ಟಾರ್ಚನ್ನು ಪಕ್ಕದಿಂದ ಒಂದೇ ಕ್ಷಣ ಹಾಯಿಸಿ. ಎದುರಿನಿಂದ ಬಿಡಬೇಡಿ. ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಇದು ಯಾಕೆ ಅಂತ ಸ್ವಲ್ಪ ಆಮೇಲೆ ಹೇಳುತ್ತೇನೆ.

ಇನ್ನು ಚಾರ್ಟ್. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು. ಮಗು ಕೆಳಗೆ, ಅದರ ಮೇಲೆ ಅಪ್ಪ ಅಮ್ಮ, ಅದರ ಮೇಲೆ ಎರಡೂ ಕಡೆಯ ಅಜ್ಜ ಅಜ್ಜಿಯರು ನಾಲ್ವರು. ಸಾಧ್ಯವಾದರೆ ಇನ್ನೊಂದು ಸಾಲು ಮೇಲಕ್ಕೆ ಹೋಗಿ. ಚಿಕ್ಕಪ್ಪ, ಸೋದರತ್ತೆ, ಮಾವಂದಿರನ್ನೂ ಬಿಡಬೇಡಿ. ಅಜ್ಜ ಅಜ್ಜಿ ಇಬ್ಬರದ್ದೂ ಹುಣಸೆಬೀಜ, ಒಬ್ಬ ಚಿಕ್ಕಪ್ಪನದು ಮಾತ್ರ ಬೂದಿ ಅಂದರೆ ಅಜ್ಜ ಅಜ್ಜಿಯರು ಏನನ್ನೋ ಬಚ್ಚಿಟ್ಟುಕೊಂಡಿದ್ದಾರೆ ಅಂತ ಅರ್ಥ.

ಚಾರ್ಟಿನಲ್ಲಿ ಸಂಬಂಧದ ಹೆಸರು ಬರೆಯಬೇಡಿ. ನಮ್ಮಲ್ಲಿ ಇದರಿಂದ ದೊಡ್ಡ ಗಡಿಬಿಡಿಯಾಯಿತು. ಧಾರವಾಡದ ನಮ್ಮಕ್ಕ ಸ್ಪೀಕರ್ ಫೋನಿನಲ್ಲಿ ಹೇಳುತ್ತಿದ್ದಳು, "ಆಯಿ ಕಣ್ಣು ಕಪ್ಪ ಇದ್ದವು. ಅಜ್ಜಂದು ಬೆಕ್ಕಿನ ಕಣ್ಣು." ಪೆನ್ಸಿಲ್ ಹಿಡಿದು ಬರೆಯುತ್ತಿದ್ದವಳು ಸೊಸೆ. ನಮಗೆ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಅವಳು ನಮ್ಮ ಅಮ್ಮನ ಗುಂಡಿಗೆ ಹುಣಸೆಬೀಜ ಅಂತ ಬರೆದು, ಅಜ್ಜನ ಬೆಕ್ಕಿನ ಕಣ್ಣನ್ನು ನಮ್ಮ ಅಪ್ಪನಿಗೆ ಕೊಟ್ಟುಬಿಟ್ಟಳು. ಒಂದು ತಲೆಮಾರು ಪೂರಾ ಕೆಳಗೆ ಜಾರಿತು. ಅರ್ಧ ಗಂಟೆ ಲೆಕ್ಕ ಕೂಡಿಬರಲಿಲ್ಲ. ಕೊನೆಗೆ ಅಮ್ಮನೇ ಫೋನ್ ಕಸಿದುಕೊಂಡು ಹೇಳಿದರು, "ಅಲ್ಲವ್ವಾ, ಬೆಕ್ಕಿನ ಕಣ್ಣು ನಮ್ಮಪ್ಪಂದು. ಸಾಲಿ ಹುಡುಗ್ರು ಅವರಿಗೆ ಬೆಕ್ಕಿನ ಮಾಸ್ತರ ಅಂತಿದ್ರು." ನನ್ನ ತಾಯಿಯ ತಂದೆ! ಅವರು ಹೋದಾಗ ನಾನು ಎರಡು ವರ್ಷದವಳು. ನನಗೆ ಗೊತ್ತೇ ಇರಲಿಲ್ಲ. ಬೀಗರ ಮುಖ ನೋಡಬೇಕಿತ್ತು.

ವಯಸ್ಸಾದವರ ಕಣ್ಣು ನೋಡುವಾಗ ಮೋಸ ಹೋಗುವುದು ಸುಲಭ. ಅಂಗಡಿಗೆ ಬರುವ ಅಜ್ಜಂದಿರಲ್ಲಿ ಎಷ್ಟೋ ಜನರಿಗೆ ಬಣ್ಣದ ಬಳೆಯ ಅಂಚಿನಲ್ಲಿ ಬಿಳಿಯೋ ನೀಲಿಯೋ ಒಂದು ಉಂಗುರ ಕಾಣುತ್ತದೆ. "ನಮ್ಮಪ್ಪನಿಗೆ ಈಗೀಗ ನೀಲಿ ಕಣ್ಣು ಬಂದಿದೆ" ಅಂತ ಮಗಳು ಹೆಮ್ಮೆಯಿಂದ ಹೇಳುತ್ತಾಳೆ. ಅದು ಕಣ್ಣಿನ ಬಣ್ಣ ಅಲ್ಲ. ಮುಂದಿನ ಪಾರದರ್ಶಕ ಪದರದ ಅಂಚಿನಲ್ಲಿ ಕೂತ ಕೊಬ್ಬು. ವಯಸ್ಸಿಗೆ ಬರುವಂಥದ್ದು, ಚಾರ್ಟಿಗೆ ಬೇಡ. ಆದರೆ ನಲವತ್ತರ ಒಳಗಿನವರಿಗೆ ಆ ಉಂಗುರ ಕಂಡರೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ ಅಂತ ನಾನು ಹೇಳಿ ಕಳಿಸುತ್ತೇನೆ.

ಇನ್ನೊಂದು ನಾನೇ ಕಂಡು ಬೆರಗಾದದ್ದು. ಸೊಸೆಯ ಅಜ್ಜನಿಗೆ 84. ಅವರ ಎಡಗಣ್ಣು ಬೆಲ್ಲದ ಬಣ್ಣ. ನಾನು "ಬೆಲ್ಲ" ಅಂತ ಬರೆದು ಮುಂದೆ ಹೋದೆ. ಬೀಗರು, "ಛೇ, ಬಾಬಾ ಚಿಕ್ಕಂದಿನಿಂದ ಘಾರೇ" ಅಂತ ಹಟ ಹಿಡಿದರು. ಬಲಗಣ್ಣಿಗೆ ಟಾರ್ಚ್ ಹಾಯಿಸಿದೆ. ಹೆಸರುಕಾಳು! ಪಾಪೆಯ ಸುತ್ತ ಮಾತ್ರ ಸಣ್ಣ ಕಂದು ಹೂವಿನ ಹಾಗೆ. ಕೇಳಿದರೆ ಅವರ ಎಡಗಣ್ಣಿಗೆ ಕಾಚಬಿಂದು, ಅಂದರೆ ಗ್ಲಾಕೋಮಾ. ಹತ್ತು ವರ್ಷದಿಂದ ಆ ಒಂದು ಕಣ್ಣಿಗೆ ಮಾತ್ರ ರಾತ್ರಿ ಒಂದು ಹನಿ ಬಿಡುತ್ತಾರೆ. ಬಾಟಲಿ ತರಿಸಿ ನೋಡಿದೆ. ಲ್ಯಾಟಾನೊಪ್ರೋಸ್ಟ್. ಈ ಜಾತಿಯ ಹನಿಗಳು ಕಣ್ಣಿನ ಬಳೆಯಲ್ಲಿ ಕಂದು ಬಣ್ಣ ಹೆಚ್ಚಿಸುತ್ತವೆ. ಹಸಿರು, ಕಂದು ಬೆರೆತ ಕಣ್ಣಿನಲ್ಲಿ ಇದು ಎದ್ದು ಕಾಣುತ್ತದೆ. ಹನಿ ನಿಲ್ಲಿಸಿದರೂ ಬಣ್ಣ ಹಿಂದಕ್ಕೆ ಹೋಗುವುದಿಲ್ಲ. ಅಂದ ಮಾತ್ರಕ್ಕೆ ಹನಿ ನಿಲ್ಲಿಸಬೇಡಿ, ದೃಷ್ಟಿ ಹೋಗುತ್ತದೆ. ಚಾರ್ಟಿನಲ್ಲಿ ಬಲಗಣ್ಣಿನ ಬಣ್ಣ ಬರೆಯಿರಿ, ಅಷ್ಟೇ.

ಹಳೇ ಫೋಟೋಗಳನ್ನು ಪೂರ್ತಿ ನಂಬಬೇಡಿ. ಕಪ್ಪುಬಿಳುಪು ಫೋಟೋದಲ್ಲಿ ಜೇನು, ಹಸಿರು, ನೀಲಿ ಎಲ್ಲ ಒಂದೇ ಥರ ತಿಳಿಯಾಗಿ ಕಾಣುತ್ತವೆ. ಸ್ಟುಡಿಯೋದವರು ಪೆನ್ಸಿಲ್‌ನಲ್ಲಿ ಕಣ್ಣು ತಿದ್ದುತ್ತಿದ್ದದ್ದೂ ಉಂಟು. ಇತ್ತೀಚಿನ ಮದುವೆ ಆಲ್ಬಮ್ ಇನ್ನೂ ಅಪಾಯ. 1994ರಲ್ಲಿ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದ ಮೇಲೆ ಬಣ್ಣದ ಲೆನ್ಸ್ ಕೇಳಿಕೊಂಡು ಬಂದ ಮದುಮಗಳುಗಳಿಗೆ ಲೆಕ್ಕವೇ ಇಲ್ಲ. "ನಮ್ಮತ್ತಿಗೆಯ ಕಣ್ಣು ಹಸಿರು, ಫೋಟೋ ನೋಡಿ" ಅಂದವರೊಬ್ಬರಿಗೆ ಆ ಲೆನ್ಸ್ ಮಾರಿದ್ದು ನಾನೇ ಅಂತ ಹೇಳಲಾಗದೆ ನಕ್ಕು ಸುಮ್ಮನಾದೆ.

ಈಗ ಲೆಕ್ಕಕ್ಕೆ ಬರೋಣ. ಕಣ್ಣಿನಲ್ಲಿ ನೀಲಿ ಬಣ್ಣದ ವಸ್ತು ಇಲ್ಲವೇ ಇಲ್ಲ. ಇರುವುದು ಮೆಲನಿನ್ ಎಂಬ ಕಂದು ವಸ್ತು. ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವುದೂ ಅದೇ. ಬಳೆಯ ಮುಂದಿನ ಪದರದಲ್ಲಿ ಅದು ಜಾಸ್ತಿ ಇದ್ದರೆ ಹುಣಸೆಬೀಜ. ತೀರಾ ಕಡಿಮೆ ಇದ್ದರೆ ಬೆಳಕು ಅಲ್ಲಿ ಚದುರಿ ನೀಲಿಯಾಗಿ ಕಾಣುತ್ತದೆ. ನಂಬಿಕೆ ಬರದಿದ್ದರೆ ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಲು ಹಾಕಿ, ಹಿಂದೆ ಕಪ್ಪು ಬಟ್ಟೆ ಹಿಡಿದು, ಪಕ್ಕದಿಂದ ಟಾರ್ಚ್ ಬಿಡಿ. ನೀರು ನಸುನೀಲಿ ಕಾಣುತ್ತದೆ. ಹಾಲಿನಲ್ಲಿ ನೀಲಿ ಎಲ್ಲಿತ್ತು?

ಮೆಲನಿನ್ ಎಷ್ಟು ಇರಬೇಕು ಅಂತ ತೀರ್ಮಾನಿಸುವ ಜೀನ್‌ಗಳಲ್ಲಿ ಎರಡು ಮುಖ್ಯ. ಎರಡೂ 15ನೇ ಕ್ರೋಮೋಸೋಮಿನಲ್ಲಿ, ಅಂದರೆ ಜೀನ್‌ಗಳನ್ನು ಪೋಣಿಸಿಟ್ಟ ಎಳೆಯಲ್ಲಿ, ಅಕ್ಕಪಕ್ಕ ಇವೆ. ಒಂದು ಒಸಿಎ2, ಇನ್ನೊಂದು ಎಚ್‌ಇಆರ್‌ಸಿ2. ಒಸಿಎ2 ಮೆಲನಿನ್ ತಯಾರಿಗೆ ಬೇಕು. ಅದನ್ನು ಏರಿಸುವ ಇಳಿಸುವ ಸ್ವಿಚ್ಚು ಪಕ್ಕದ ಎಚ್‌ಇಆರ್‌ಸಿ2 ಒಳಗೆ ಕೂತಿದೆ. ಅಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೆ ಸ್ವಿಚ್ಚು ಇಳಿಯುತ್ತದೆ. ಇದು ಗೊತ್ತಾದದ್ದು 2008ರಲ್ಲಿ. ಪಕ್ಕದ ಮನೆಯವರ ಕೈಯಲ್ಲಿ ನಮ್ಮ ಮನೆಯ ಮೇನ್ ಸ್ವಿಚ್ಚು ಇದ್ದ ಹಾಗೆ.

ಈ ಸ್ವಿಚ್ಚನ್ನು ಚೀಟಿ ಅಂದುಕೊಳ್ಳಿ. ಪ್ರತಿಯೊಬ್ಬರ ಹತ್ತಿರ ಎರಡು ಚೀಟಿ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಗಾಢ ಚೀಟಿ ಒಂದೇ ಇದ್ದರೂ ಸಾಮಾನ್ಯವಾಗಿ ಕಣ್ಣು ಕಂದು. ಎರಡೂ ತಿಳಿ ಚೀಟಿ ಆದರೆ ಮಾತ್ರ ಬೆಕ್ಕಿನ ಕಣ್ಣು. ಮಗುವಿಗೆ ಕೊಡುವಾಗ ಎರಡರಲ್ಲಿ ಯಾವುದೋ ಒಂದು ಹೋಗುತ್ತದೆ, ಆರಿಸುವ ಹಾಗಿಲ್ಲ. ಚೌಕಾಬಾರಕ್ಕೆ ಹುಣಸೆಬೀಜ ಉಜ್ಜಿ ಸೀಳಿ ಮಾಡಿಕೊಳ್ಳುತ್ತೇವಲ್ಲ, ಒಂದು ಬದಿ ಕಂದು, ಒಂದು ಬದಿ ಬಿಳಿ. ಅಂಥ ಎರಡು ಬೀಜ ಎಸೆದು, ಎರಡೂ ಬಿಳಿ ಬಿದ್ದರೆ ಬೆಕ್ಕಿನ ಕಣ್ಣು ಅಂತ ಮೊಮ್ಮಗಳಿಗೆ ಆಟ ಮಾಡಿಕೊಟ್ಟೆ. ಆಟಕ್ಕೆ ಸರಿ. ಲೆಕ್ಕಕ್ಕೆ ಮಾತ್ರ ರೂಪಾಯಿ ನಾಣ್ಯ ತಗೊಳ್ಳಿ. ಬೀಜದ ಒಂದು ಬದಿ ಉಬ್ಬಿರುವುದರಿಂದ ಅರ್ಧಕ್ಕರ್ಧ ಬೀಳುವುದಿಲ್ಲ.

ನಮ್ಮ ಮನೆಯದ್ದೇ ಹಾಕಿ ತೋರಿಸುತ್ತೇನೆ. ಬೀಗರದ್ದು ಬೆಕ್ಕಿನ ಕಣ್ಣು, ಅಂದರೆ ಎರಡೂ ತಿಳಿ ಚೀಟಿ. ಮಗಳಿಗೆ ಅವರು ಕೊಡುವುದು ತಿಳಿಯೇ, ಬೇರೆ ಇಲ್ಲ. ಹಾಗಾಗಿ ಸೊಸೆಯ ಕಣ್ಣು ಬೆಲ್ಲದ ಬಣ್ಣವಾದರೂ ಅವಳ ಹತ್ತಿರ ತಿಳಿ ಚೀಟಿ ಒಂದು ಇದ್ದೇ ಇದೆ. ಈಗ ನಮ್ಮ ಕಡೆ. ಬೆಕ್ಕಿನ ಮಾಸ್ತರರಿಂದ ನನ್ನ ಅಮ್ಮನಿಗೆ ತಿಳಿ ಚೀಟಿ ಖಂಡಿತ ಬಂದಿದೆ. ಅಮ್ಮನಿಂದ ನನಗೆ ಬರುವ ಸಾಧ್ಯತೆ ಅರ್ಧ. ನನ್ನಿಂದ ಮಗನಿಗೆ ಅರ್ಧದ ಅರ್ಧ, ಅಂದರೆ 4ರಲ್ಲಿ 1. ನನ್ನ ಗಂಡನ ಕಡೆಯಲ್ಲಿ ಗೊತ್ತಿರುವವರೆಲ್ಲ ಹುಣಸೆಬೀಜ, ಅವರನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಮಗ, ಸೊಸೆ ಇಬ್ಬರ ಹತ್ತಿರವೂ ತಿಳಿ ಚೀಟಿ ಇದ್ದರೆ ಮಗುವಿಗೆ ಎರಡೂ ತಿಳಿ ಬರುವುದು 4ರಲ್ಲಿ 1. ನಾಲ್ಕು ನಾಲ್ಕಲೆ ಹದಿನಾರು. ಮೊಮ್ಮಗಳು ಹುಟ್ಟುವ ಮೊದಲು ಯಾರಾದರೂ ಕೇಳಿದ್ದರೆ ಬೆಕ್ಕಿನ ಕಣ್ಣಿನ ಸಾಧ್ಯತೆ 16ರಲ್ಲಿ 1.

ಆದರೆ ಅವಳು ಹುಟ್ಟಿಬಿಟ್ಟಳು. ಅವಳ ಕಣ್ಣು ಎರಡೂ ತಿಳಿ ಅಂದಮೇಲೆ ಒಂದನ್ನು ನನ್ನ ಮಗನೇ ಕೊಟ್ಟಿರಬೇಕು. ಮಗನ ಹತ್ತಿರ ಇದೆಯೋ ಇಲ್ಲವೋ ಅನ್ನುವ ಅನುಮಾನ ಮುಗಿಯಿತು. ಹಾಗಾಗಿ ಎರಡನೇ ಮಗುವಿಗೆ ಲೆಕ್ಕ ಹಾಕುವಾಗ 16 ಅಲ್ಲ, 4ರಲ್ಲಿ 1. ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದಕ್ಕೆ ಬಂದಾಯಿತು, ಇನ್ನು ಮೂರಕ್ಕೆ ಬರುವುದಿಲ್ಲ ಅನ್ನುವವರೂ ಇದ್ದಾರೆ. ಚೀಟಿಗೆ ನೆನಪಿಲ್ಲ. ಪ್ರತಿ ಮಗುವಿಗೂ ಹೊಸದಾಗಿ ಎತ್ತುವುದೇ.

ಬೀಗರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಹಾಳೆ ನೋಡಿದರು. "ಮ್ಹಣಜೇ ಅರ್ಧೇ ತುಮಚೇ?" ಹಾಗಾದರೆ ಅರ್ಧ ನಿಮ್ಮದಾ? ಹೌದು, ಅರ್ಧ ನಮ್ಮದು. ಧಾರವಾಡದ ಸಾಲಿ ಮಾಸ್ತರರದ್ದು.

ಈ ಚೀಟಿ ಲೆಕ್ಕವನ್ನು ಕಲ್ಲಲ್ಲಿ ಕೆತ್ತಿದ್ದು ಅಂತ ತಿಳಿಯಬೇಡಿ. 1907ರಲ್ಲಿ ಅಮೆರಿಕದ ಡ್ಯಾವನ್‌ಪೋರ್ಟ್ ದಂಪತಿ ಕಣ್ಣಿನ ಬಣ್ಣಕ್ಕೂ ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಇದೇ ಚೀಟಿ ಲೆಕ್ಕ ಹಚ್ಚಿದರು. ಅದು ಶಾಲೆಯ ಪುಸ್ತಕಕ್ಕೂ ಬಂತು. ನೀಲಿ ಕಣ್ಣಿನ ದಂಪತಿಗೆ ಕಂದು ಕಣ್ಣಿನ ಮಗು ಆಗುವುದೇ ಇಲ್ಲ ಅಂತ ಅದರಲ್ಲಿ ಓದಿದ ನೆನಪು ಎಷ್ಟೋ ಜನಕ್ಕಿದೆ. ಅಪರೂಪ, ಆದರೆ ಆಗುತ್ತದೆ. ಯಾಕೆಂದರೆ ಸ್ವಿಚ್ಚು ಒಂದೇ ಅಲ್ಲ. 2021ರಲ್ಲಿ ಸುಮಾರು 1,95,000 ಜನರ ಡಿಎನ್‌ಎ ನೋಡಿದ ಅಧ್ಯಯನವೊಂದು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 50 ಹೊಸ ಜಾಗಗಳನ್ನು ಪತ್ತೆ ಹಚ್ಚಿತು. ಹುಣಸೆಬೀಜ, ಬೂದಿ ಎರಡು ತುದಿ. ಅಲ್ಲಿ ಚೀಟಿ ಲೆಕ್ಕ ಚೆನ್ನಾಗಿ ನಡೆಯುತ್ತದೆ. ನಡುವಿನ ಬೆಲ್ಲ, ಜೇನು, ಹೆಸರುಕಾಳಿನಲ್ಲಿ ಈ ಸಣ್ಣ ಸಣ್ಣ ಜೀನ್‌ಗಳು ಒಗ್ಗರಣೆ ಹಾಕುತ್ತವೆ. ಅಪ್ಪ ಅಮ್ಮ ಇಬ್ಬರದ್ದೂ ಬೆಲ್ಲ, ಮಗುವಿನದು ಜೇನು ಅಂದರೆ ಅದಕ್ಕೆ ಯಾವ ಚಾರ್ಟೂ ಬೇಕಿಲ್ಲ.

ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ಹಿಂದೊಮ್ಮೆ ಅಂಗಡಿಗೆ ಒಬ್ಬ ಅತ್ತೆ ಬಂದಿದ್ದರು. ಚಷ್ಮಾದ ಕಾಲು ಸರಿ ಮಾಡಿಸುವ ನೆಪ. ಮೆಲ್ಲಗೆ ಕೇಳಿದರು, "ನಮ್ಮಲ್ಲಿ ಯಾರಿಗೂ ಇಲ್ಲದ ಕಣ್ಣು ಕೂಸಿಗೆ ಹೆಂಗ ಬಂತ್ರೀ?" ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಮೈ ಉರಿದುಹೋಯಿತು. "ನಿಮ್ಮ ಮುತ್ತಜ್ಜನ ಕಣ್ಣು ನೋಡಿದ್ದೀರಾ?" ಅಂದೆ. ಇಲ್ಲ ಅಂದರು. "ಮತ್ತೆ ಇಲ್ಲ ಅಂತ ಹೆಂಗ ಹೇಳ್ತೀರಿ?" ತಿಳಿ ಚೀಟಿ ಮೂರು ನಾಲ್ಕು ತಲೆಮಾರು ಯಾರಿಗೂ ಕಾಣದೆ ಸಾಗಬಹುದು. ಕಣ್ಣಿನ ಬಣ್ಣ ನೋಡಿ ಮಗು ಯಾರದ್ದು ಅಂತ ಹೇಳಲು ಬರುವುದಿಲ್ಲ. ಆ ಕೆಲಸಕ್ಕೆ ಈ ಚಾರ್ಟ್ ಹಾಕುವವರಿಗೆ ನನ್ನ ಐದು ಬಟ್ಟಲು ಕೊಡುವುದಿಲ್ಲ.

ಮಗುವಿನ ಕಣ್ಣನ್ನು ಚಾರ್ಟಿಗೆ ಹಾಕಲು ಆತುರ ಬೇಡ. ಹುಟ್ಟಿದಾಗ ಬಳೆಯಲ್ಲಿ ಮೆಲನಿನ್ ಇನ್ನೂ ಪೂರ್ತಿ ಕೂತಿರುವುದಿಲ್ಲ. ನಮ್ಮ ಕೂಸುಗಳು ಸಾಮಾನ್ಯವಾಗಿ ಕಂದು ಕಣ್ಣಲ್ಲೇ ಹುಟ್ಟುತ್ತವೆ, ಕೆಲವಕ್ಕೆ ಮಾತ್ರ ಸ್ಲೇಟಿನ ಬಣ್ಣ. ಮೊದಲ ವರ್ಷದಲ್ಲಿ ಬದಲಾವಣೆ ಜಾಸ್ತಿ. ಆಮೇಲೂ ಮೂರರ ತನಕ ನಿಧಾನಕ್ಕೆ ನಡೆಯಬಹುದು. ಬದಲಾದರೆ ಹೆಚ್ಚಾಗಿ ಗಾಢದ ಕಡೆಗೇ. ಕೇಸರಿ ಹಾಲು ಕುಡಿದರೆ ತಿಳಿಯಾಗುತ್ತದೆ ಅನ್ನುವುದೆಲ್ಲ ಸುಮ್ನೆ. ಬೀಗರು ಹನ್ನೊಂದು ತಿಂಗಳಿಗೇ ಘೋಷಣೆ ಮಾಡಿದ್ದು ಅವಸರವೇ. ಅದೃಷ್ಟಕ್ಕೆ ಬಣ್ಣ ನಿಂತಿತು.

ನೋಡುವಾಗ ಕೆಲವು ಸಂಗತಿ ಕಂಡರೆ ಚಾರ್ಟ್ ಬದಿಗಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮಗುವಿನ ಎರಡು ಕಣ್ಣು ಬೇರೆ ಬೇರೆ ಬಣ್ಣ ಇದ್ದರೆ ಒಮ್ಮೆ ತೋರಿಸಿ. ಎಷ್ಟೋ ಸಲ ಏನೂ ಇರುವುದಿಲ್ಲ. ಕಣ್ಣು ತೀರಾ ತಿಳಿಯಾಗಿದ್ದು, ಕೂದಲು ಚರ್ಮವೂ ಬೆಳ್ಳಗಿದ್ದು, ಗುಡ್ಡೆ ಅಲುಗಾಡುತ್ತಾ ಬಿಸಿಲು ತಡೆಯದಿದ್ದರೆ ಅದು ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಮೆಲನಿನ್ ಕೊರತೆ, ಇರಬಹುದು. ಫ್ಲಾಷ್ ಫೋಟೋದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆದರೆ ಒಂದು ದಿನವೂ ಕಾಯಬೇಡಿ. ಕಣ್ಣಿನೊಳಗಿನ ಗಡ್ಡೆ ಮೊದಲು ಹಾಗೆಯೇ ಕಾಣಿಸಿಕೊಳ್ಳುವುದುಂಟು. ಬೇಗ ಸಿಕ್ಕರೆ ಚಿಕಿತ್ಸೆ ಇದೆ.

ಚಾರ್ಟಿನಲ್ಲಿ ಯಾರಿಗೂ ನೆನಪಿಲ್ಲದವರ ಚೌಕ, ಗುಂಡು ಖಾಲಿ ಬಿಡಿ. ನನ್ನ ಗಂಡನ ಅಜ್ಜಿಯದು ಹುಣಸೆಬೀಜ ಅಂತ ಮೊದಲು ಬರೆದಿದ್ದೆ, ನೋಡಿದವರು ಯಾರೂ ಉಳಿದಿಲ್ಲ ಅಂತ ಗೊತ್ತಾದ ಮೇಲೆ ಅಳಿಸಿದೆ. ಅವರೂ ಒಂದು ತಿಳಿ ಚೀಟಿ ಸೆರಗಿನಲ್ಲಿ ಕಟ್ಟಿಕೊಂಡಿದ್ದರೆ? ಹಾಗಾದರೆ ನನ್ನ 16ರ ಲೆಕ್ಕವೂ ಸ್ವಲ್ಪ ಬದಲಾಗುತ್ತಿತ್ತು. ಮಾಸ್ತರರ ಚೀಟಿಯೇ ಬಂತು ಅಂತ ನಾನು ಎದೆ ತಟ್ಟಿ ಹೇಳಿದ್ದೂ ಸ್ವಲ್ಪ ಜಾಸ್ತಿಯೇ ಆಯಿತು. ಬೀಗರ ಮುಂದೆ ಇದನ್ನು ಇನ್ನೂ ಹೇಳಿಲ್ಲ.

ಈಗ ಮೊಮ್ಮಗಳಿಗೆ ಐದು ವರ್ಷ. ಸೊಸೆಗೆ ಆರು ತಿಂಗಳು. ಹಾಳೆ ಅಂಗಡಿಯ ಡ್ರಾಯರಿನಲ್ಲಿ, ಟ್ರಯಲ್ ಫ್ರೇಮಿನ ಪೆಟ್ಟಿಗೆಯ ಕೆಳಗೆ ಇದೆ. ಹೋದ ವಾರ ತೆಗೆದು ನೋಡಿದರೆ ಮೊಮ್ಮಗಳು ತನ್ನ ಗುಂಡಿನ ಪಕ್ಕದಲ್ಲಿ ಇನ್ನೊಂದು ಗುಂಡು ಬರೆದು ಹಸಿರು ಕ್ರೇಯಾನ್‌ನಲ್ಲಿ ಗಟ್ಟಿಯಾಗಿ ತುಂಬಿದ್ದಾಳೆ. 4ರಲ್ಲಿ 3 ಪಾಲು ಅದು ಕಂದು ಅಂತ ಹೇಳಿದೆ. "ನೀನು ಹಾಕಿದ್ದು ಪೆನ್ಸಿಲ್ ಅಜ್ಜಿ, ನಾನು ಹಾಕಿದ್ದು ಕ್ರೇಯಾನ್, ಅಳಿಸಲ್ಲ" ಅಂದಳು.